ಸೋದರಿ ನಗರದ ಸ್ವಾಗತ ಸಮಿತಿಗೊಂದು ಬಹಿರಂಗ ಪತ್ರ

ಮಹಾರಾಜರಾಜಶ್ರೀ ಸ್ವಾಗತ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ, ಮೈಸೂರಿನ ಒಬ್ಬ ಕಂದಾಯ ಕಟ್ಟುವವನ ಸವಿನಯ ವಿಜ್ಞಾಪನೆಗಳು.

ಮುಂಬರುವ ದಸರೆಯ ವೇಳೆಗೆ ಸಾಗರದಾಚೆಯ ನಮ್ಮ ಸೋದರಿ ನಗರದಿಂದ ಆಗಮಿಸಲಿರುವ ನಿಯೋಗದಲ್ಲಿ ಒಬ್ಬೊಬ್ಬರನ್ನು ಮನೆಯಲ್ಲಿ ಇರಿಸಿಕೊಳ್ಳಲು ಒಪ್ಪಿದ ಗೃಹಸ್ಥರಿಗೆಂದು ತಾವು ಹೊರಡಿಸಿರುವ ಸುತ್ತೋಲೆಯು ನನಗೆ ತಲಪಿ, ಅದನ್ನು ಮೊದಲು ನಾನೂ, ಅನಂತರ ನನ್ನ ಹೆಂಡತಿಯೂ, ಕನ್ನಡಕ ಸಿಕ್ಕಿದ ಮೇಲೆ ನನ್ನ ತಾಯಿಯೂ ಓದಿ, ಮೂವರೂ ಬೇರೆ ಬೇರೆ ಕಾರಣಗಳಿಂದ ಮೌನ ತಾಳಿದೆವು. ಸುತ್ತೋಲೆಯ ಭಾಷೆ ಗಂಭೀರವಾಗಿದೆ. ಕಾಗದವೂ ಉತ್ತಮ ದರ್ಜೆಯದು. ಅತಿಥಿಯು ತಂಗಿರುವಷ್ಟು ಕಾಲ ಬೀದಿಗೆ ಕಾಣುವಂತೆ ಬಟ್ಟೆ ಒಣಹಾಕಕೂಡದು, ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಕೂಡದು, ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ಕುರಿತು ಅತಿಥಿ ಏನಾದರೂ ಕೇಳಿದಲ್ಲಿ ಸಮಿತಿಯ ಸಂಪರ್ಕಾಧಿಕಾರಿಯತ್ತ ಬೆರಳು ತೋರಿಸತಕ್ಕದ್ದು, ಮತ್ತು ಮಡಿ ಮೈಲಿಗೆಯೆಂದು ಆಚರಿಸುವ ವೃದ್ಧರು ಮನೆಯಲ್ಲಿದ್ದರೆ ಅವರನ್ನು ಆ ಕೆಲವು ದಿನ ಬಂಧುಗಳಲ್ಲಿಗೆ ಕಳುಹಿಸುವುದು ಸೂಕ್ತ ಎಂದು ತಾವು ಅಪ್ಪಣೆ ಕೊಡಿಸಿರುತ್ತೀರಿ.

ಬಟ್ಟೆಯ ವಿಷಯದಲ್ಲಿ ನನ್ನದೇನೂ ಆಕ್ಷೇಪವಿಲ್ಲ. ಒಗ್ಗರಣೆಯ ವಿಷಯದಲ್ಲಿ ಸ್ವಲ್ಪ ತೊಡಕಿದೆ. ಇಂಗು, ಸಾಸಿವೆ, ಕರಿಬೇವು, ಮೆಣಸಿನಕಾಯಿ ಇಷ್ಟೂ ಕಾದ ಎಣ್ಣೆಯಲ್ಲಿ ಸಿಡಿದು ಅದರ ಘಾಟು ನಡುಮನೆಗೆ ಬಂದು ಎಲ್ಲರೂ ಒಟ್ಟಿಗೆ ಸೀನಿದಲ್ಲದೆ ನಮ್ಮಲ್ಲಿ ಊಟಕ್ಕೆ ಎಲೆ ಹಾಕುವ ಸಂಪ್ರದಾಯವೇ ಇಲ್ಲ. ಸೀನದೆ ಉಂಡ ಸಾರು ಸಾರೆನಿಸಿಕೊಳ್ಳಲಾರದು ಎಂಬುದು ನನ್ನ ತಾಯಿಯ ಖಚಿತ ಅಭಿಪ್ರಾಯ. ಆ ತಾಯಿಯನ್ನೇ ತಾವು ಬಂಧುಗಳಲ್ಲಿಗೆ ಕಳುಹಿಸಹೇಳಿದ್ದೀರಿ. ಆಕೆಗೆ ಎಂಬತ್ತು ದಾಟಿತು. ನವರಾತ್ರಿಯ ಬೊಂಬೆಗಳನ್ನು ಜೋಡಿಸುವಾಗ ಪಟ್ಟದ ಬೊಂಬೆಗಳ ಎಡಬಲ ತಪ್ಪಿಸಿದರೆ ಮನೆಯ ಸೊಸೆಯನ್ನೂ ಬಿಡಳು, ಪರಂಗಿಯವರನ್ನೂ ಬಿಡಳು. ಅತಿಥಿಯು ಸಾವಿರಾರು ಮೈಲಿ ಹಾರಿಬಂದು ಕಾಣಬೇಕಾದದ್ದೇನಾದರೂ ನಮ್ಮ ಮನೆಯಲ್ಲಿದ್ದರೆ ಅದು ಆಕೆ, ಆಕೆ ಬೊಂಬೆ ಜೋಡಿಸುವ ಪರಿ, ಆಮೇಲೆ ಹಂಚುವ ಚರುಪು. ಅವಳನ್ನು ತುಮಕೂರಿಗೆ ಸಾಗಿಸಿ, ಆ ಜಾಗದಲ್ಲಿ ಸಮಿತಿಯವರು ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಹೂಕುಂಡವನ್ನು ಇರಿಸಿದರೆ, ಬಂದವರು ನೋಡುವುದು ಯಾರ ಮನೆಯನ್ನು?

ಸ್ವಾಮಿ, ಸೋದರಿಯೆಂದು ಕರೆದು ಬೀಗತಿಯ ಉಪಚಾರ ಮಾಡಹೊರಟಿದ್ದೀರಿ, ಇದೇ ನನ್ನ ತಕರಾರು. ಬೀಗರು ಬಂದಾಗ ನಾವು ಸಾಲ ತಂದು ಬೆಳ್ಳಿಯ ಲೋಟ ಇಡುತ್ತೇವೆ, ಮಕ್ಕಳ ಬಾಯಿ ಮುಚ್ಚಿಸುತ್ತೇವೆ, ಅವರು ಹೊರಟುಹೋದ ಮೇಲೆ ಉಸಿರು ಬಿಡುತ್ತೇವೆ. ಒಡಹುಟ್ಟಿದವಳು ಬಂದರೆ ನೇರವಾಗಿ ಅಡುಗೆಮನೆಗೆ ನಡೆದು, ಡಬ್ಬಿಯ ಮುಚ್ಚಳ ತೆಗೆದು, ಸಕ್ಕರೆ ಮುಗಿದಿದೆಯೆಂದು ತಾನೇ ಹೇಳುತ್ತಾಳೆ.

ಈ ನಗರಬಾಂಧವ್ಯದ ಮೂಲವನ್ನು ತಮ್ಮ ಸ್ಮರಣಸಂಚಿಕೆಯವರು ಹೇಗೂ ಬರೆಯುವರಾದ್ದರಿಂದ ಎರಡು ಮಾತು ಸೇರಿಸಲು ಅಪ್ಪಣೆಯಾಗಬೇಕು. 1956ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರು ಶ್ವೇತಭವನದಲ್ಲಿ ಸಭೆ ಕರೆದದ್ದು, ದೇಶದೇಶಗಳ ಸ್ನೇಹವನ್ನು ಸರ್ಕಾರಗಳಿಗೇ ಬಿಟ್ಟುಬಿಡದೆ ಸಾಮಾನ್ಯ ಪ್ರಜೆಗಳ ಕೈಗೂ ಕೊಡಬೇಕೆಂಬ ಉದ್ದೇಶದಿಂದ. ಅಲ್ಲಿನ ಸೋದರಿ ನಗರಗಳ ಸಂಸ್ಥೆ ಹುಟ್ಟಿದ್ದು ಆ ಉದ್ದೇಶದ ಬೆನ್ನಿಗೇ. ಅದಕ್ಕೂ ಮುಂಚೆ, ಎರಡನೆಯ ಮಹಾಯುದ್ಧದ ನಡುವಿನಲ್ಲಿಯೇ, ಬಾಂಬುಗಳಿಂದ ಸುಟ್ಟುಹೋಗಿದ್ದ ಇಂಗ್ಲೆಂಡಿನ ಕಾವೆಂಟ್ರಿಯ 830 ಮಂದಿ ಹೆಂಗಸರು ಒಂದು ಮೇಜುಬಟ್ಟೆಯ ಮೇಲೆ ತಂತಮ್ಮ ಹೆಸರನ್ನು ದಾರದಲ್ಲಿ ಕಸೂತಿ ಮಾಡಿ, ತಲಾ ಆರು ಪೆನ್ಸ್ ಕೂಡಿಸಿ, ತಮಗಿಂತ ಹೆಚ್ಚಾಗಿ ನೊಂದಿದ್ದ ಸ್ಟಾಲಿನ್‌ಗ್ರಾಡಿಗೆ ಕಳುಹಿಸಿಕೊಟ್ಟರು. 1944ರಲ್ಲಿ ಆ ಎರಡು ನಗರಗಳು ಅವಳಿಗಳಾದವು. ಆ ಬಟ್ಟೆಯನ್ನು ಸ್ಟಾಲಿನ್‌ಗ್ರಾಡಿನವರು ಇಂದಿಗೂ ತಮ್ಮ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಹೆಸರುಗಳನ್ನು ಕೆತ್ತಿಸುವ ಕೆಲಸವನ್ನು ಅಮೃತಶಿಲೆಗೆ ವಹಿಸಲಾಗಿದೆ. ಶಿಲಾಫಲಕದ ಕರಡನ್ನು ನಾನು ನೋಡಿದೆ: ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯಾಧ್ಯಕ್ಷರು, ಗೌರವಾಧ್ಯಕ್ಷರು ಎಲ್ಲರೂ ಇದ್ದಾರೆ, ಸೋದರಿ ನಗರದ ಹೆಸರಿಗೆ ಮಾತ್ರ ಕೆಳಗಿನ ಸಾಲಿನಲ್ಲಿ ಸ್ಥಳ ಸಾಲದೆ ಕೊನೆಯ ಅಕ್ಷರ ಅಂಚಿಗೆ ತಾಗಿದೆ.

ಪರದೇಶದವರನ್ನು ಇರಿಸಿಕೊಳ್ಳುವ ವಿದ್ಯೆ ನಮ್ಮ ಊರಿಗೆ ಹೊಸದೆಂಬಂತೆ ಸುತ್ತೋಲೆಯು ಮಾತನಾಡುತ್ತದೆ. ಅರಸರ ಕಾಲದ ದಸರೆಯಲ್ಲಿ ಯೂರೋಪಿಯನ್ನರಿಗೆಂದೇ ಪ್ರತ್ಯೇಕ ದರ್ಬಾರು ನಡೆಯುತ್ತಿತ್ತಷ್ಟೆ. ತಮ್ಮ ಕಾರ್ಯಕ್ರಮಪಟ್ಟಿಯನ್ನು ನೋಡಿದರೆ ಆ ದರ್ಬಾರು ಇನ್ನೂ ಮುಗಿದಂತೆ ತೋರುವುದಿಲ್ಲ. ಆದರೆ ಅದೇ ಮೈಸೂರಿನಲ್ಲಿ ಬೇರೊಂದು ಬಗೆಯ ಆತಿಥ್ಯವೂ ಇತ್ತು. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಗೆ ಶಿಷ್ಯತ್ವ ಬೇಡಿ ಬಂದ, ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿಯವರನ್ನು ಅಲ್ಲಿನ ಯೋಗಗುರು ಕೃಷ್ಣಮಾಚಾರ್ಯರು ಮೊದಲು ಒಪ್ಪಲೇ ಇಲ್ಲ. ಮಹಾರಾಜರು ಹೇಳಿದ ಮೇಲೆ ಒಪ್ಪಿ, ಈಕೆ ಬೇಸತ್ತು ಹೊರಟುಹೋಗಲೆಂಬಂತೆ ಊಟಕ್ಕೂ ನಿದ್ದೆಗೂ ಕಠಿನ ನಿಯಮ ವಿಧಿಸಿದರು. ಆಕೆ ಹೋಗಲಿಲ್ಲ. ಕಲಿತರು, ಮುಂದೆ ಹಾಲಿವುಡ್ಡಿನಲ್ಲಿ ಯೋಗಶಾಲೆ ತೆರೆದರು. ಶಾಲು ಹೊದಿಸಿ, ಪೇಟ ತೊಡಿಸಿ, ಗಂಧದ ಹಾರ ಹಾಕಿ, ಸಂಜೆಯ ಗಾಡಿಗೆ ಹತ್ತಿಸಿದ್ದರೆ ಆಕೆಗೆ ದೊರಕುತ್ತಿದ್ದುದು ಒಂದು ಛಾಯಾಚಿತ್ರ. ಇಂದಿಗೂ ಗೋಕುಲಂ ಬಡಾವಣೆಯಲ್ಲಿ, ಯೋಗಗುರು ದಿವಂಗತ ಪಟ್ಟಾಭಿ ಜೋಯಿಸರ ಪರಂಪರೆಯನ್ನು ಅರಸಿ ಬಂದವರು ಮಹಡಿಯ ಕೋಣೆಗಳನ್ನು ಬಾಡಿಗೆಗೆ ಹಿಡಿದು ತಿಂಗಳುಗಟ್ಟಲೆ ಇರುತ್ತಾರೆ. ಬೆಳಗಿನ ಜಾವ ಎದ್ದು ಅಭ್ಯಾಸಕ್ಕೆ ಹೋಗುತ್ತಾರೆ. ಎಳನೀರಿನವನೊಡನೆ ಗಂಜಿಕಾಯಿ ಬೇಕೋ ನೀರುಕಾಯಿ ಬೇಕೋ ಎಂದು ನಿರ್ಣಯಿಸಿಕೊಳ್ಳುತ್ತಾರೆ. ಆಟೋದವನು ಹೇಳುವ ಬಾಡಿಗೆಗೆ ಕನ್ನಡದಲ್ಲಿ ನಿಟ್ಟುಸಿರು ಬಿಡುತ್ತಾರೆ. ಅವರಿಗೆ ಯಾವ ಸಮಿತಿಯೂ ಹಾರ ಹಾಕಿಲ್ಲ, ಮನೆಯ ಯಜಮಾನಿ ನೀರು ಮುಗಿದಾಗ ಮೋಟಾರು ಹಾಕುವುದನ್ನು ಮಾತ್ರ ಕಲಿಸಿದ್ದಾಳೆ.

ಕಾರ್ಯಕ್ರಮಪಟ್ಟಿಯ ಪ್ರಕಾರ ಅತಿಥಿಗಳು ಸುಮಾರು ಒಂದು ಲಕ್ಷ ದೀಪಗಳ ಅರಮನೆಯನ್ನು ನೋಡುವರು, ಊರ ಹೊರಗಿನ ರೆಸಾರ್ಟಿನಲ್ಲಿ ಮೂರು ಮಧ್ಯಾಹ್ನ ಉಣ್ಣುವರು, ಸಂಜೆ ಡೊಳ್ಳು ಕುಣಿತ, ವೀರಗಾಸೆ, ಕಂಸಾಳೆಗಳನ್ನು ತಲಾ ಏಳು ನಿಮಿಷದಂತೆ ವೀಕ್ಷಿಸುವರು, ನಡುನಡುವೆ ಭಾಷಣಗಳನ್ನು ಕೇಳುವರು. ಭಾಷಣಗಳಿಗೆ ಮಾತ್ರ ನಿಮಿಷದ ನಿಯಮವಿಲ್ಲ. ಜಂಬೂಸವಾರಿಯ ದಿನ ಅವರಿಗೆ ಗಣ್ಯರ ಆಸನಗಳು ಮೀಸಲಾಗಿವೆ. ಅಂಬಾರಿಯ ಆನೆ ಅಲ್ಲಿಂದ ಚೆನ್ನಾಗಿ ಕಾಣುವುದು ನಿಜವೇ. ಅದೇ ಅರಮನೆಯ ಆವರಣದಲ್ಲಿ, ಕಾಡಿನ ಶಿಬಿರಗಳಿಂದ ಆನೆಗಳೊಡನೆ ಬಂದ ಮಾವುತ ಕಾವಾಡಿಗಳ ಮಕ್ಕಳಿಗೆಂದು ಡೇರೆಯಲ್ಲಿ ನಡೆಯುವ ಶಾಲೆಯೊಂದಿದೆ. ಸುಮಾರು 750 ಕಿಲೋ ತೂಕದ ಅಂಬಾರಿಯನ್ನು ಹೊರುವ ಆನೆಯ ಸಿಟ್ಟು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಆ ಮಕ್ಕಳು ಸಮಿತಿಯ ಸಂಪರ್ಕಾಧಿಕಾರಿಗಿಂತ ಚೆನ್ನಾಗಿ ಹೇಳಬಲ್ಲರು. ಪಟ್ಟಿಯಲ್ಲಿ ಆ ಶಾಲೆ ಇಲ್ಲ. 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರು 73 ನಗರಗಳ ನಡುವೆ ಮೊದಲನೆಯದೆನಿಸಿತೆಂದು ಪ್ರತಿ ಭಾಷಣದಲ್ಲಿಯೂ ಹೇಳುವವರು, ಹಸಿಕಸ ಒಣಕಸಗಳನ್ನು ಬೇರ್ಪಡಿಸಿ ಗೊಬ್ಬರ ಮಾಡುವ ಕುಂಬಾರಕೊಪ್ಪಲಿನ ಘಟಕವನ್ನು ಪಟ್ಟಿಯಿಂದ ತೆಗೆದುಹಾಕಿದ್ದಾರೆ. ವಾಸನೆ ಬರಬಹುದೆಂಬುದು ಕಾರಣವಂತೆ. ಪ್ರಥಮ ಬಹುಮಾನವನ್ನು ತೋರಿಸುತ್ತೇವೆ, ಬಹುಮಾನ ತಂದುಕೊಟ್ಟ ಪೌರಕಾರ್ಮಿಕರನ್ನು ಮಾತ್ರ ಮರೆಮಾಡುತ್ತೇವೆ.

ಪ್ರತಿಭೇಟಿಗೆಂದು ನಮ್ಮ ಕಡೆಯಿಂದ ಹೋಗಲಿರುವವರ ಯಾದಿಯೂ ಸುತ್ತೋಲೆಗೆ ಲಗತ್ತಾಗಿತ್ತು; ಬಹುಶಃ ಗುಮಾಸ್ತರ ಕಣ್ತಪ್ಪಿನಿಂದ. ಸಮಿತಿಯ ಪದಾಧಿಕಾರಿಗಳೂ ಅವರ ಧರ್ಮಪತ್ನಿಯರೂ, ಅಧ್ಯಯನಾರ್ಥವಾಗಿ. ಯಾವುದರ ಅಧ್ಯಯನವೆಂಬ ಅಂಕಣ ಖಾಲಿಯಿದೆ.

ಆದಕಾರಣ ನನ್ನ ಪ್ರಾರ್ಥನೆ ಇಷ್ಟು. ಸೋದರಿ ನಗರಕ್ಕೆ ಒಂದು ಕಾಗದ ಬರೆದು, ಅಲ್ಲಿನ ಮೇಯರರನ್ನೂ ಅವರ ಪರಿವಾರವನ್ನೂ ತಾವು ಬೇಕಾದಷ್ಟು ರೆಸಾರ್ಟುಗಳಲ್ಲಿ ಉಪಚರಿಸಿ. ಜೊತೆಗೆ ಅಲ್ಲಿ ಕಸದ ಗಾಡಿ ಓಡಿಸುವವರೊಬ್ಬರನ್ನು, ನೀರಿನ ಕೊಳಾಯಿ ದುರಸ್ತಿ ಮಾಡುವವರೊಬ್ಬರನ್ನು, ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರನ್ನು ಕಳುಹಿಸಿರೆಂದು ಕೇಳಿಕೊಳ್ಳಿ. ಕೊಳಾಯಿಯವರನ್ನು ನಮ್ಮ ಮನೆಗೆ ಗೊತ್ತುಮಾಡಬೇಕು. ನಲ್ಲಿಯ ವಿಷಯದಲ್ಲಿ ಅವರು ಕೇಳುವ ಪ್ರಶ್ನೆಗಳಿಗೆ ನಾನೇ ಉತ್ತರಿಸುವೆನು, ಅವರೂ ನನ್ನ ಕೆಲವು ಪ್ರಶ್ನೆಗಳಿಗೆ ಉತ್ತರಿಸಬೇಕಾದೀತು. ಪ್ರತಿಭೇಟಿಗೆ ನಮ್ಮ ವಾರ್ಡಿನ ಪೌರಕಾರ್ಮಿಕ ಹೆಂಗಸೊಬ್ಬಳ ಹೆಸರನ್ನು ಸೂಚಿಸಬಲ್ಲೆ. ಅವಳ ಪಾಸ್‌ಪೋರ್ಟಿನ ಖರ್ಚನ್ನು ಬೀದಿಯವರೇ ಕೂಡಿಸಿಕೊಡಲು ಒಪ್ಪಿದ್ದಾರೆ.

ನನ್ನ ತಾಯಿ ತುಮಕೂರಿಗೆ ಹೋಗುವುದಿಲ್ಲವೆಂದು ತಮಗೆ ತಿಳಿಸಹೇಳಿದ್ದಾಳೆ. ಅತಿಥಿಗೆ ಖಾರ ಆಗದೆಂದು ಮುಂಚಿತವಾಗಿ ತಿಳಿಸಿದರೆ ಒಗ್ಗರಣೆಗೆ ಬ್ಯಾಡಗಿ ಹಾಕುವಳು, ಇಲ್ಲವಾದರೆ ಗುಂಟೂರು.

ಇತಿ ತಮ್ಮ ವಿಧೇಯ,
ಅನುಮೋದನೆಗಾಗಿ ಕಾದಿರುವ ಒಬ್ಬ ಆತಿಥೇಯ