ಗುಡ್ಡದ ಮೇಲಿನ ಸಾಹೇಬರು

ದೂರದಲ್ಲಿ ಕೂತು ತಂಡ ನಡೆಸುವುದು ಹೇಗೆಂದು ಕಲಿಸುವ ತರಬೇತಿಗಳಿಗೆ ಈಗ ಬರವಿಲ್ಲ. ಎರಡು ದಿನ ಲ್ಯಾಪ್‌ಟಾಪ್ ಮುಂದೆ ತಲೆಯಾಡಿಸಿದರೆ ಸರ್ಟಿಫಿಕೇಟೂ ಕೈಗೆ ಬರುತ್ತದೆ. ಆದರೆ ಈ ವಿದ್ಯೆಯ ಮೂಲಪುರುಷ, ಬ್ರಿಟಿಷ್ ಸೇನಾಪತಿ ಲಾರ್ಡ್ ರಾಗ್ಲನ್ ಅವರ ಪಟಕ್ಕೆ ಒಂದು ಹಾರ ಹಾಕುವವರಿಲ್ಲ.

1854ರ ಅಕ್ಟೋಬರ್ 25, ಕ್ರೈಮಿಯಾದ ಬಾಲಕ್ಲಾವಾ. ಸಾಹೇಬರು ಗುಡ್ಡದ ಮೇಲಿದ್ದರು. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು. ವಶವಾದ ಬ್ರಿಟಿಷ್ ತೋಪುಗಳನ್ನು ರಷ್ಯನ್ನರು ಎಳೆದೊಯ್ಯುತ್ತಾರೆಂದು ತೋರಿ, ತಡೆಯಿರಿ ಎಂದು ಚೀಟಿ ಕಳಿಸಿದರು. ಕೆಳಗಿದ್ದ ಅಶ್ವದಳದ ಮುಖ್ಯಸ್ಥ ಲಾರ್ಡ್ ಲೂಕನ್‌ಗೆ ಆ ತೋಪುಗಳು ಕಾಣುತ್ತಲೇ ಇರಲಿಲ್ಲ. ಯಾವ ತೋಪು ಎಂದು ಕೇಳಿದರೆ, ಚೀಟಿ ತಂದ ಕ್ಯಾಪ್ಟನ್ ನೋಲನ್ ಕಣಿವೆಯ ಕಡೆ ಕೈ ಬೀಸಿದ. ಅದರ ತುದಿಯಲ್ಲಿ ಇದ್ದವು ಬೇರೆಯೇ ತೋಪುಗಳು, ರಷ್ಯನ್ನರವು, ಅದೂ ಇತ್ತಲೇ ಬಾಯಿ ಮಾಡಿಕೊಂಡು. ಸುಮಾರು 670 ಸವಾರರು ನುಗ್ಗಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ನೋಲನ್ ಮೊದಮೊದಲೇ ಸತ್ತದ್ದರಿಂದ ಅವನ ವಿವರಣೆ ಕೇಳುವ ಗೋಜೂ ತಪ್ಪಿತು. ರಾಗ್ಲನ್ ತಪ್ಪನ್ನು ಲೂಕನ್ ತಲೆಗೆ ಕಟ್ಟಿದರು, ಲೂಕನ್ ಜೋಪಾನವಾಗಿಟ್ಟಿದ್ದ ಚೀಟಿ ತೋರಿಸಿದರು. ಪ್ರಾಜೆಕ್ಟ್ ಹಳ್ಳ ಹಿಡಿದ ದಿನ ಆಫೀಸಿನಲ್ಲಿ ಎಲ್ಲರೂ ಹಳೇ ಮೇಲ್ ಕೆದಕುವ ಪದ್ಧತಿಗೆ ಇಷ್ಟು ದೊಡ್ಡ ವಂಶಾವಳಿ ಇದೆ.

ಚೀಟಿ ಹಳೇ ಕಾಲದ್ದು ಅನ್ನುತ್ತೀರಾ? ಮರುವರ್ಷವೇ ಕಪ್ಪು ಸಮುದ್ರದಡಿ ತಂತಿ ಎಳೆದರು. ಪ್ಯಾರಿಸ್ಸಿನಲ್ಲಿದ್ದ ಮೂರನೆಯ ನೆಪೋಲಿಯನ್‌ಗೆ ಯುದ್ಧ ಅಂಗೈಗೇ ಬಂತು. ಸಲಹೆಯ ಮೇಲೆ ಸಲಹೆ ಬಂದು ಫ್ರೆಂಚ್ ಸೇನಾಪತಿ ಪೆಲಿಸಿಯೆ ರೋಸಿಹೋದ. ಬೆಂಗಳೂರಿನ ಟೆಕ್ಕಿಗಳಿಗೆ ಅವನ ಸಂಕಟ ಬಿಡಿಸಿ ಹೇಳಬೇಕಿಲ್ಲ. ನವೆಂಬರಿನಲ್ಲಿ ನ್ಯೂಯಾರ್ಕ್ ತನ್ನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರೆ, ರಾಜಾಜಿನಗರದಲ್ಲಿ ರಾತ್ರಿ ಒಂಬತ್ತೂವರೆಯ ಕಾಲ್ ಹತ್ತೂವರೆಗೆ ಜಾರುತ್ತದೆ. ಸೂರ್ಯನನ್ನು ಕೇಳಿದವರಾರು?

ವ್ಯಾಪಾರದವರು ಸೇನೆಯನ್ನೂ ಮೀರಿಸಿದರು. 2021ರ ಡಿಸೆಂಬರಿನಲ್ಲಿ ಬೆಟರ್ ಡಾಟ್ ಕಾಮ್‌ನ ಮುಖ್ಯಸ್ಥ ವಿಶಾಲ್ ಗರ್ಗ್ ಸುಮಾರು 900 ನೌಕರರನ್ನು ಒಂದೇ ಜೂಮ್ ಕಾಲ್‌ನಲ್ಲಿ, ಕೆಲವೇ ನಿಮಿಷಗಳಲ್ಲಿ ಮನೆಗೆ ಕಳಿಸಿದರು. ಅವರು ಮನೆಯಲ್ಲೇ ಕೂತಿದ್ದರು ಅನ್ನುವುದು ಬೇರೆ ಮಾತು. ಬಾಲಕ್ಲಾವಾಕ್ಕಿಂತ ಹೆಚ್ಚು ತಲೆ, ಕುದುರೆಯ ಖರ್ಚೂ ಇಲ್ಲ. ಗರ್ಗ್ ಕೆಲ ವಾರ ರಜೆ ಹಾಕಿ, ಮರಳಿ ಅದೇ ಕುರ್ಚಿಗೆ ಬಂದರು.

ಆದರೂ ಕಿರೀಟ ಅಮೆರಿಕದ ಭದ್ರತಾ ಸಲಹೆಗಾರರಾಗಿದ್ದ ಮೈಕ್ ವಾಲ್ಟ್ಜ್ ಅವರಿಗೇ ಸಲ್ಲಬೇಕು. 2025ರ ಮಾರ್ಚ್‌ನಲ್ಲಿ ಯೆಮನ್ನಿನ ಹೌತಿಗಳ ಮೇಲಿನ ದಾಳಿಗೆ ಸಿಗ್ನಲ್ ಆ್ಯಪ್‌ನಲ್ಲೊಂದು ಗ್ರೂಪ್ ಮಾಡಿ, ಅದಕ್ಕೆ ‘ದಿ ಅಟ್ಲಾಂಟಿಕ್’ ಪತ್ರಿಕೆಯ ಸಂಪಾದಕರನ್ನೂ ಸೇರಿಸಿಬಿಟ್ಟರು. ಮದುವೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಾದರೂ ಹೊಸ ನಂಬರ್ ಕಂಡರೆ ಸೋದರತ್ತೆ ‘ಇದ್ಯಾರು?’ ಅಂತಾರೆ. ಇಲ್ಲಿ ಉಪಾಧ್ಯಕ್ಷರಿಂದ ಹಿಡಿದು ಬೇಹುಗಾರಿಕೆಯ ಮುಖ್ಯಸ್ಥರವರೆಗೆ ಯಾರೂ ಕೇಳಲಿಲ್ಲ. ರಕ್ಷಣಾ ಕಾರ್ಯದರ್ಶಿ ಹೆಗ್ಸೆತ್ ವಿಮಾನ ಹೊರಡುವ ಹೊತ್ತನ್ನು ಮೊದಲೇ ಟೈಪಿಸಿದರು. ಬಾಂಬ್ ಬಿದ್ದ ಮೇಲೆ ವಾಲ್ಟ್ಜ್ ಮುಷ್ಟಿ, ಬಾವುಟ, ಬೆಂಕಿಯ ಎಮೋಜಿ ಹಾಕಿದರು.

ಮೇ ತಿಂಗಳಲ್ಲಿ ಅವರ ಹುದ್ದೆ ಹೋಯಿತು. ಅದೇ ದಿನ ಟ್ರಂಪ್ ಅವರನ್ನು ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಹುದ್ದೆಗೆ ಹೆಸರಿಸಿದರು. ಜಾಣತನದ ಆಯ್ಕೆಯೇ. ಅಲ್ಲಿ ಒಳಗೆ ಬರುವವರ ಪಾಸ್ ನೋಡಲು ಬಾಗಿಲಲ್ಲಿ ಬೇರೆಯವರಿದ್ದಾರೆ.