ಪೆಲೆಟ್‌ಗ್ರಿಲ್ ಪ್ರಮಾಣ ಮೀಮಾಂಸೆ
(ಮಲೇಷ್ಯಾವಾಸಿ ಕನ್ನಡ ಚಿಕ್ಕ ಸಂಸಾರಗಳ ಹಿತಾರ್ಥ ರಚಿತವಾದ ಲಘುಶಾಸ್ತ್ರ)

ಪ್ರಥಮ ಪ್ರಕರಣ: ಶಾಸ್ತ್ರಾವತರಣ

ಕನ್ನಡ ನಾಡಿನಲ್ಲಿ ಪಾಕಶಾಸ್ತ್ರಕ್ಕೆ ಎಂದೂ ಬರವಿರಲಿಲ್ಲ. ಎರಡನೆಯ ಚಾವುಂಡರಾಯ 1025ರ ಸುಮಾರಿಗೇ ‘ಲೋಕೋಪಕಾರ’ದಲ್ಲಿ ಅಡುಗೆಗೆ ಒಂದು ಅಧ್ಯಾಯ ಮೀಸಲಿಟ್ಟ. ಕಲ್ಯಾಣದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದೊಳಗೆ ಮಾಂಸ ಸುಡುವ ಬಗೆಗಳನ್ನು ವಿವರಿಸುತ್ತ ಹೋಗಿ ಇಲಿಯನ್ನೂ ಬಿಡಲಿಲ್ಲ. ಮೂರನೆಯ ಮಂಗರಸ ಹದಿನಾರನೆಯ ಶತಮಾನದ ಆದಿಯಲ್ಲಿ ಇಡೀ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. ಆದರೆ ಗಂಡ, ಹೆಂಡತಿ, ಒಂದು ಮಗು ಇರುವ ಮನೆಗೆ ಎಷ್ಟು ಚದರ ಇಂಚಿನ ಪೆಲೆಟ್ ಗ್ರಿಲ್ ತರಬೇಕು ಎಂಬ ಮೂಲಭೂತ ಪ್ರಶ್ನೆಯನ್ನು ಈ ಮೂವರೂ ಮುಟ್ಟಿಲ್ಲ.

ಇದಕ್ಕೆ ಎರಡು ಕಾರಣ ಊಹಿಸಬಹುದು. ಅರಮನೆಯಲ್ಲಿ ಒಲೆ ಸಾಲದಿದ್ದರೆ ಇನ್ನೊಂದು ಒಲೆ ಹೂಡುತ್ತಿದ್ದರು, ಇಎಂಐ ಇರಲಿಲ್ಲ. ಎರಡನೆಯದಾಗಿ, ಒರೆಗಾನಿನ ಜೋ ಟ್ರೇಗರ್ ಎಂಬ ಅಮೆರಿಕನ್ 1980ರ ದಶಕದಲ್ಲಿ ಈ ಯಂತ್ರವನ್ನು ಕಟ್ಟಿ, 1986ರಲ್ಲಿ ಅದಕ್ಕೆ ಪೇಟೆಂಟ್ ಪಡೆಯುವವರೆಗೂ ಕಾಯುವ ತಾಳ್ಮೆ ನಮ್ಮ ಪೂರ್ವಸೂರಿಗಳಿಗೆ ಇರಲಿಲ್ಲ. ಆ ಕೊರತೆಯನ್ನು ತುಂಬುವುದೇ ಈ ಗ್ರಂಥದ ವಿಷಯ. ಕೌಲಾಲಂಪುರದ ಕಾಂಡೋ ಒಂದರ ಎತ್ತರದ ಮಹಡಿಯಲ್ಲಿ ಚಾಪೆಯಗಲದ ಬಾಲ್ಕನಿ ಉಳ್ಳವನೇ ಇದರ ಅಧಿಕಾರಿ. ಹಣ ಉಳಿಯುವುದು ಪ್ರಯೋಜನ. ದಾಂಪತ್ಯ ಉಳಿಯುವುದು ಪರಮ ಪ್ರಯೋಜನ.

ದ್ವಿತೀಯ ಪ್ರಕರಣ: ಲಕ್ಷಣ

ಪೆಲೆಟ್ ಎಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ, ಸುಮಾರು 6 ಮಿ.ಮೀ. ದಪ್ಪದ ತುಂಡು. ಅಂಟು ಬೇಕಿಲ್ಲ, ಒತ್ತಡದ ಬಿಸಿಗೆ ಮರದೊಳಗಿನ ಲಿಗ್ನಿನ್ನೇ ಮೆತ್ತಗಾಗಿ ಹೊಟ್ಟನ್ನು ಹಿಡಿದಿಡುತ್ತದೆ. ಇದನ್ನು ಹಾಪರ್ ಎಂಬ ತೊಟ್ಟಿಗೆ ಸುರಿದರೆ ಆಗರ್ ಎಂಬ ತಿರುಪು ಬೆಂಕಿಬಟ್ಟಲಿಗೆ ತಳ್ಳುತ್ತದೆ. ಕರೆಂಟಿನ ಕಡ್ಡಿ ಹೊತ್ತಿಸುತ್ತದೆ, ಫ್ಯಾನು ಊದುತ್ತದೆ, ಕಂಟ್ರೋಲರ್ ಉಷ್ಣ ನೋಡಿ ಪೆಲೆಟ್ಟನ್ನು ಹೆಚ್ಚುಕಡಿಮೆ ಮಾಡುತ್ತದೆ. ಸೌದೆ ತರುವ ಅಜ್ಜ, ಊದುಗೊಳವೆ ಹಿಡಿದ ಅಜ್ಜಿ, ‘ಉರಿ ಸಣ್ಣ ಮಾಡೇ’ ಎಂದು ಹಜಾರದಿಂದಲೇ ಕೂಗುವ ಅತ್ತೆ, ಇವರೆಲ್ಲ ಸೇರಿದ ಕೂಡುಕುಟುಂಬವನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿದಂತೆ. ಚಿಕ್ಕ ಸಂಸಾರದವರು ಇದನ್ನು ಕೊಳ್ಳಲು ಹಾತೊರೆಯುವುದರ ಗೂಢಾರ್ಥ ಇಲ್ಲಿದೆ ಎಂದು ಒಂದು ಮತ.

ಪೆಲೆಟ್ ಅಡುಗೆ ಕನ್ನಡಿಗರಿಗೆ ಪರಕೀಯವೆಂದು ತಿಳಿಯಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ಸೌದೆ ಉಳಿಸುವ ಅಸ್ತ್ರ ಒಲೆಯನ್ನು ಕೊಟ್ಟಿತು. ಮುಂದೆ ಅದೇ ಸಂಸ್ಥೆಯ ವಿಜ್ಞಾನಿಗಳ ನೆರವಿನಿಂದ ಬಿಪಿ ಕಂಪನಿ ‘ಊರ್ಜಾ’ ಎಂಬ ಒಲೆಯನ್ನು 2006ರ ಹೊತ್ತಿಗೆ ಮಾರುಕಟ್ಟೆಗೆ ತಂದಿತು. ಬೆಳೆಯ ತ್ಯಾಜ್ಯದ ಪೆಲೆಟ್, ಅಡಿಯಲ್ಲಿ ಬ್ಯಾಟರಿ ಫ್ಯಾನು, ಮೇಲೆ ಒಂದೇ ಒಂದು ಪಾತ್ರೆ. ಕರ್ನಾಟಕವೂ ಸೇರಿದಂತೆ ಹಲವೆಡೆ ಲಕ್ಷಗಟ್ಟಲೆ ಮನೆಗಳು ಕೊಂಡವು. ಒಲೆಯ ಗಾತ್ರದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ಕಚ್ಚಾವಸ್ತುವಿನ ಬೆಲೆ ಏರಿ ಪೆಲೆಟ್ ತುಟ್ಟಿಯಾದಾಗ ಮಾತ್ರ ಒಲೆಗಳು ಅಟ್ಟ ಸೇರಿದವು. ಇದರಿಂದ ಮೊದಲ ಸೂತ್ರ ಸಿದ್ಧಿಸುತ್ತದೆ.

ಸೂತ್ರ 1: ಒಲೆಯನ್ನು ಒಮ್ಮೆ ಕೊಳ್ಳುವೆ, ಪೆಲೆಟ್ಟನ್ನು ದಿನವೂ.

ತೃತೀಯ ಪ್ರಕರಣ: ಪೂರ್ವಪಕ್ಷಗಳು

ಗಜವಾದಿಗಳು ಹೇಳುವುದು: ‘ದೊಡ್ಡದರಲ್ಲಿ ಸಣ್ಣ ಅಡುಗೆ ಮಾಡಬಹುದು, ಸಣ್ಣದರಲ್ಲಿ ದೊಡ್ಡ ಅಡುಗೆ ಆಗದು, ಆದ್ದರಿಂದ ದೊಡ್ಡದೇ ಸರಿ.’ ಈ ಪಕ್ಷದ ಆಚಾರ್ಯರೆಲ್ಲ ಗಂಡಸರು. ಅಂಗಡಿಯಲ್ಲಿ ಮುಚ್ಚಳ ಎತ್ತಿ ಇಳಿಸಿ ಶಬ್ದ ಕೇಳುವುದೇ ಅವರ ಪ್ರತ್ಯಕ್ಷ ಪ್ರಮಾಣ.

ಓಪನ್‌ಹೌಸ್‌ವಾದಿಗಳು ಹೇಳುವುದು: ‘ಮಲೇಷ್ಯಾದಲ್ಲಿ ಹಬ್ಬವೆಂದರೆ ರುಮಾ ತರ್ಬುಕಾ, ಅಂದರೆ ತೆರೆದ ಮನೆ. ಹರಿ ರಾಯಕ್ಕೆ ಅವರು ಕರೆದರು, ಚೀನೀ ಹೊಸವರ್ಷಕ್ಕೆ ಇವರು ಕರೆದರು. ದೀಪಾವಳಿಗೆ ನಾವು ಬಾಗಿಲು ತೆರೆದಾಗ ಊಟ ಸಾಲದೆ ಬಂದರೆ ಮಾನವೇನು?’ ಇದು ಬಲವಾದ ಪಕ್ಷ, ಏಕೆಂದರೆ ಇದರ ತಳದಲ್ಲಿ ತರ್ಕವಿಲ್ಲ, ಭಯವಿದೆ.

ಶೂನ್ಯವಾದಿಗಳು ಹೇಳುವುದು: ‘ಗ್ರಿಲ್ಲೇ ಬೇಡ.’ ಆರು ತಿಂಗಳಿಗೊಮ್ಮೆ ಊರಿನಿಂದ ಬರುವ ಅತ್ತೆಯವರು ಈ ಪಂಥದ ಪ್ರವರ್ತಕರು. ‘ಅಳಿಯಂದಿರೇ, ಬದನೆಕಾಯಿ ಸುಡೋಕೆ ಗ್ಯಾಸ್ ಒಲೆ ಇದೆಯಲ್ಲ, ಮೂರು ಜನಕ್ಕೆ ಇದ್ಯಾಕೆ ಯಾಗಶಾಲೆ?’ ಎಂಬುದು ಅವರ ಏಕೈಕ ವಾಕ್ಯ. ಅದಕ್ಕೆ ಈವರೆಗೆ ಯಾರೂ ಭಾಷ್ಯ ಬರೆದಿಲ್ಲ. ಖಂಡನೆಯನ್ನಂತೂ ಬರೆದಿಲ್ಲ.

ಚತುರ್ಥ ಪ್ರಕರಣ: ಗಣಿತ

ಸೂತ್ರ 2: ತಲೆ ಎಣಿಸಿ ತಟ್ಟೆ, ತಟ್ಟೆ ಎಣಿಸಿ ಒಲೆ.

ಅಮೆರಿಕದ ತಯಾರಕರು ಗ್ರಿಲ್ಲಿನ ಗಾತ್ರವನ್ನು ಚದರ ಇಂಚಿನಲ್ಲಿ ಹೇಳುತ್ತಾರೆ. ಟ್ರೇಗರ್ ಕಂಪನಿಯ ರೇಂಜರ್ ಎಂಬ ಮೇಜಿನ ಮೇಲಿಡುವ ಮಾದರಿ 184 ಚದರ ಇಂಚು. ಪ್ರೊ 575 ಎಂಬುದರ ಹೆಸರಲ್ಲೇ ಅಳತೆ ಇದೆ. ನಾವು ಇದನ್ನು ಮೀನಿಗೆ ಪರಿವರ್ತಿಸಬೇಕು, ಚದರ ಇಂಚನ್ನು ಯಾರೂ ಉಣ್ಣುವುದಿಲ್ಲವಾದ್ದರಿಂದ.

ಇಲ್ಲಿನ ಸಂತೆಯಲ್ಲಿ ಇಕಾನ್ ಕೆಂಬುಂಗ್ ಎಂದು ಮಾರುವುದು ನಮ್ಮ ಬಂಗುಡೆಯ ಕುಲವೇ. ಸಾಧಾರಣ ಮೀನೊಂದು ಗೇಣುದ್ದ. ಸಂಬಾಲ್ ಖಾರ ಸವರಿ, ಬಾಳೆಲೆಯಲ್ಲಿ ಸುತ್ತಿ, ತಿರುಗಿಸಲು ಸುತ್ತ ಜಾಗ ಬಿಟ್ಟರೆ ಹೆಚ್ಚೆಂದರೆ 200 ಚದರ ಸೆಂ.ಮೀ. ಬೇಕು. ಮೂವರಿಗೆ ತಲಾ ಎರಡರಂತೆ ಆರು ಮೀನು, 1,200 ಚದರ ಸೆಂ.ಮೀ. ಇದನ್ನು ಇಂಚಿಗೆ ತಂದರೆ 186. ಅಂದರೆ ಒರೆಗಾನಿನಲ್ಲಿ ಹುಟ್ಟಿದ ಕಂಪನಿಯ ರೇಂಜರ್ ಮಾದರಿಗೂ ಮೂರು ಜನರ ಬಂಗುಡೆ ಊಟಕ್ಕೂ ಎರಡೇ ಚದರ ಇಂಚಿನ ವ್ಯತ್ಯಾಸ. ಒಂದು ಬಾಲವನ್ನು ಮಡಚಿದರೆ ಅದೂ ಇಲ್ಲ. 575ರಲ್ಲಿ ಹದಿನೆಂಟು ಮೀನು ಹಿಡಿಯುತ್ತದೆ. ಆರು ಮೀನಿಟ್ಟು ಅದನ್ನು ಉರಿಸುವವನು ಹನ್ನೆರಡು ಅದೃಶ್ಯ ಬಂಗುಡೆಗಳನ್ನು ದಿನವೂ ಬೇಯಿಸುತ್ತಾನೆ.

2020ರ ಜನಗಣತಿಯ ಪ್ರಕಾರ ಮಲೇಷ್ಯಾದ ಸರಾಸರಿ ಸಂಸಾರ 3.8 ಮಂದಿ. ಆ 0.8 ಮಂದಿ ಯಾರೆಂದು ವಿದ್ವಾಂಸರು ಚರ್ಚಿಸುತ್ತಿದ್ದರು. ಊಟಕ್ಕೆ ಕೂತೂ ಫೋನಿನಿಂದ ತಲೆ ಎತ್ತದ ಮಗನೆಂದು ಈ ಗ್ರಂಥ ನಿರ್ಣಯಿಸುತ್ತದೆ.

ಮೀನಿನ ಈ ಲೆಕ್ಕಕ್ಕೆ ಮಡಿ ಗುಣಕವನ್ನು ಸೇರಿಸಬೇಕು. ಹೆಂಡತಿ ಸಸ್ಯಾಹಾರಿ, ಗಂಡ ಮೀನುಪ್ರಿಯ ಎಂಬ ಸಂಸಾರಗಳಲ್ಲಿ ಬದನೆಕಾಯಿಗೂ ಬಂಗುಡೆಗೂ ಒಂದೇ ಜಾಲರಿ ಸಲ್ಲದು. ಆದರೆ ಇದಕ್ಕೆ ದೊಡ್ಡ ಗ್ರಿಲ್ ಪರಿಹಾರವಲ್ಲ. ಎರಡು ಜಾಲರಿ ಇಟ್ಟುಕೊಂಡು ಬದನೆಕಾಯಿಯನ್ನು ಮೊದಲು ಸುಡುವುದು ಪರಿಹಾರ. ಅತಿಥಿ ಪ್ರಕರಣ ಇನ್ನೂ ಸೂಕ್ಷ್ಮ. ಒಮ್ಮೆ ಹಂದಿ ಬೆಂದ ಜಾಲರಿಯಲ್ಲಿ ಮುಸ್ಲಿಂ ಸಹೋದ್ಯೋಗಿ ಉಣ್ಣುವುದಿಲ್ಲ. ದನದ ಮಾಂಸ ನಮ್ಮವರಲ್ಲಿ ಹಲವರಿಗಾಗದು, ಚೀನೀ ಬೌದ್ಧರಲ್ಲೂ ಕೆಲವರು ತಿನ್ನರು. ಎಲ್ಲವನ್ನೂ ಕಳೆಯುತ್ತ ಹೋದರೆ ಉಳಿಯುವುದು ಕೋಳಿ. ಮಲೇಷ್ಯಾದ ಸರ್ವಧರ್ಮ ಸಮನ್ವಯ ಕೋಳಿಯ ಹೆಗಲ ಮೇಲೆ ನಿಂತಿದೆ. ಇಡೀ ಕೋಳಿಗೆ ಬೇಕಾದ್ದು ಅಗಲವಲ್ಲ, ಮುಚ್ಚಳದ ಎತ್ತರ. ಎತ್ತರ ಸಾಲದಿದ್ದರೆ ಬೆನ್ನೆಲುಬು ಕತ್ತರಿಸಿ ಕೋಳಿಯನ್ನು ಅಗಲಿಸಿ ಮಲಗಿಸಬಹುದು. ಬೇಗ ಬೇಯುವುದು ಲಾಭ.

ಪಂಚಮ ಪ್ರಕರಣ: ದೇಶಕಾಲ ವಿಚಾರ

ಸೂತ್ರ 3: ಮಳೆಯ ನಾಡಿನಲ್ಲಿ ಹಾಪರ್ ಹೊಟ್ಟೆ ಚಿಕ್ಕದಿರಲಿ.

ಪೆಲೆಟ್ಟಿಗೆ ನೀರು ವೈರಿ. ತೇವ ಹೀರಿದರೆ ಅದು ಉಬ್ಬಿ ಮತ್ತೆ ಹೊಟ್ಟಾಗುತ್ತದೆ, ಆಗರಿನೊಳಗೆ ಸಿಕ್ಕಿ ಸಿಮೆಂಟಿನಂತೆ ಕೂರುತ್ತದೆ. ವರ್ಷವಿಡೀ ಗಾಳಿಯೇ ಒದ್ದೆಯಿರುವ ಈ ದೇಶದಲ್ಲಿ ಒಣಗಿದ ಟವೆಲ್ ಒಂದು ಸಿದ್ಧಾಂತ ಮಾತ್ರ, ಪೆಲೆಟ್ಟಿನ ಪಾಡೇನು? ದೊಡ್ಡ ಗ್ರಿಲ್ಲಿನ ಹಾಪರಿಗೆ ಎಂಟು ಕಿಲೋ ಹಿಡಿಯುತ್ತದೆ. ಚಿಕ್ಕ ಸಂಸಾರದ ಒಂದು ಸಂಜೆಯ ಅಡುಗೆಗೆ ಒಂದೆರಡು ಕಿಲೋ ಸಾಕು. ಉಳಿದದ್ದು ಮುಂದಿನ ಶನಿವಾರದವರೆಗೆ ಹಾಪರಿನಲ್ಲೇ ತಪಸ್ಸು ಮಾಡಿ ಬೂಸಾ ಆಗುತ್ತದೆ. ರೇಂಜರಿನ ಹಾಪರಿಗೆ ಮೂರೂವರೆ ಕಿಲೋ ಮೇಲೆ ಹಿಡಿಯದು. ಅದನ್ನೂ ಅಡುಗೆ ಮುಗಿದ ಮೇಲೆ ಬರಿದು ಮಾಡಿ, ಪೆಲೆಟ್ಟನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು, ಹಪ್ಪಳದ ಡಬ್ಬಿಯ ಪಕ್ಕ. ಅಮೆರಿಕದಿಂದ ನೇರ ತರಿಸುವವರು ಒಂದನ್ನು ನೆನಪಿಡಲಿ: ಅಲ್ಲಿಯ ಯಂತ್ರ 120 ವೋಲ್ಟಿನದು, ಇಲ್ಲಿಯ ಗೋಡೆ ಅದರ ಎರಡರಷ್ಟು ಕೊಡುತ್ತದೆ.

ಇನ್ನು ಧರ್ಮಶಾಸ್ತ್ರ. 1974ರ ಪರಿಸರ ಗುಣಮಟ್ಟ ಕಾಯ್ದೆಯಡಿ ಇಲ್ಲಿ ಬಯಲಲ್ಲಿ ಬೆಂಕಿ ಹಾಕುವುದು ಅಪರಾಧ. 1997, 2015, 2019ರಂತೆ ಸುಮಾತ್ರಾ, ಕಾಲಿಮಂತಾನ್‌ಗಳ ಹೊಗೆ ಬಂದು ಕವಿದಾಗ ಸರ್ಕಾರ ಇನ್ನೂ ಬಿಗಿ ಮಾಡುತ್ತದೆ. ಆಗಲೂ ವಿನಾಯಿತಿ ಪಡೆಯುವ ಬೆಂಕಿಗಳಲ್ಲಿ ಮುಖ್ಯವಾದವು ಶವಸಂಸ್ಕಾರದ್ದು, ಪೂಜೆಯದು, ಬಾರ್ಬೆಕ್ಯೂವಿನದು. ಚಿತೆ ಮತ್ತು ಹೋಮಗಳ ಪಂಕ್ತಿಯಲ್ಲಿ ಕೋಳಿಕಾಲನ್ನು ಕೂರಿಸಿದ ಈ ಸ್ಮೃತಿಕಾರರಿಗೆ ನಮೋ ನಮಃ.

ಆದರೆ ಸರ್ಕಾರ ಕೊಟ್ಟ ವರವನ್ನು ಕಾಂಡೋ ಮ್ಯಾನೇಜ್‌ಮೆಂಟ್ ಆಫೀಸು ಕಿತ್ತುಕೊಳ್ಳುತ್ತದೆ. ಬಹುಮಹಡಿ ಕಟ್ಟಡಗಳಿಗೆ ನೆರೆಯವರಿಗೆ ಉಪದ್ರವ ಕೊಡಬಾರದೆಂಬ ಉಪನಿಯಮಗಳಿವೆ. ಬಹಳ ಕಡೆ ಬಾಲ್ಕನಿಯಲ್ಲಿ ಬೆಂಕಿಯೇ ನಿಷಿದ್ಧ. ಬದಲಿಗೆ ಈಜುಕೊಳದ ಪಕ್ಕ ಒಂದು ಬಾರ್ಬೆಕ್ಯೂ ಕಟ್ಟೆ ಕಟ್ಟಿ, ಮುಂಗಡ ಬುಕಿಂಗ್ ಮಾಡಿಸಿ ಬಿಡುತ್ತಾರೆ. ಆದ್ದರಿಂದ ಗ್ರಿಲ್ಲಿನ ಗಾತ್ರವನ್ನು ನಿರ್ಧರಿಸುವ ಅಂತಿಮ ಪ್ರಮಾಣ ಲಿಫ್ಟು. ಐವತ್ತು ಕಿಲೋ ಮೀರಿದ ಯಂತ್ರವನ್ನು ಪ್ರತಿ ಸಲ ಕೆಳಗಿಳಿಸುವವನು ಸಂಸಾರಿಯಲ್ಲ, ಹಮಾಲ. ಗಂಡಹೆಂಡಿರು ಎರಡು ಕಡೆ ಹಿಡಿದು, ಜಗಳವಾಡದೆ ಲಿಫ್ಟಿನವರೆಗೆ ಒಯ್ಯಬಲ್ಲದ್ದೇ ಚಿಕ್ಕ ಸಂಸಾರದ ಗ್ರಿಲ್.

ಷಷ್ಠ ಪ್ರಕರಣ: ಸಿದ್ಧಾಂತ

ಸೂತ್ರ 4: ಬುಧವಾರಕ್ಕೆ ಒಲೆ ಕೊಳ್ಳು, ದೀಪಾವಳಿಗೆ ಹೇಳಿ ತರಿಸು.

ಗಜವಾದಿಗೆ ಉತ್ತರ: ದೊಡ್ಡದರಲ್ಲಿ ಸಣ್ಣ ಅಡುಗೆ ಮಾಡಬಹುದು ನಿಜ, ಆದರೆ ಆರು ಮೀನಿಗಾಗಿ ಅಷ್ಟೂ ಕಬ್ಬಿಣವನ್ನು ಮೊದಲು ಕಾಯಿಸಬೇಕು. ಕಾಯಲು ಹೊತ್ತೂ ಹೆಚ್ಚು, ಪೆಲೆಟ್ಟೂ ಹೆಚ್ಚು, ತೊಳೆಯುವ ಜಾಲರಿಯೂ ಹೆಚ್ಚು. ತೊಳೆಯುವ ವೇಳೆಗೆ ಗಜವಾದಿಗೆ ಆಫೀಸಿನ ಫೋನ್ ಬರುವುದು ಎಲ್ಲ ದೇಶಗಳಲ್ಲೂ ಕಂಡ ವಿದ್ಯಮಾನ.

ಓಪನ್‌ಹೌಸ್‌ವಾದಿಗೆ ಉತ್ತರ: ವರ್ಷಕ್ಕೊಮ್ಮೆ ಬರುವ ಐವತ್ತು ಜನಕ್ಕಾಗಿ ಉಳಿದ ದಿನವೆಲ್ಲ ಖಾಲಿ ಜಾಲರಿ ಕಾಯಿಸುವ ಬದಲು ಈ ದೇಶದವರು ಮಾಡುವುದನ್ನು ನೋಡಿ. ಕಡ್ಡಿಗೆ ಚುಚ್ಚಿದ ಮಾಂಸದ ಸತೇ ಸುಡುವವನ ಒಲೆ ಉದ್ದನೆಯ ತಗಡಿನ ತೊಟ್ಟಿ. ಅದರ ಅಗಲ ಕಡ್ಡಿಗೆ ತಕ್ಕಷ್ಟೇ. ಗಿರಾಕಿ ಹೆಚ್ಚಿದರೆ ಕೆಂಡವನ್ನು ಉದ್ದಕ್ಕೆ ಎಳೆಯುತ್ತಾನೆ, ಕಡಿಮೆಯಾದರೆ ಒಂದು ಮೂಲೆಗೆ ಒತ್ತುತ್ತಾನೆ, ಬೀಸಣಿಗೆಯಿಂದ ಬೇಕಾದಲ್ಲಿ ಮಾತ್ರ ಬೀಸುತ್ತಾನೆ. ಬೆಂಕಿಯ ಗಾತ್ರವೇ ಊಟದ ಗಾತ್ರ. ಇಲ್ಲಿನ ಹೆಸರಾಂತ ಇದ್ದಿಲು ಬರುವ ಪೆರಾಕ್‌ನ ಮಾತಾಂಗ್ ಕಾಂಡ್ಲಾ ಕಾಡಿನಲ್ಲೂ ಇದೇ ನೀತಿ: ಕಾಡನ್ನು ಭಾಗ ಮಾಡಿ, ಮೂವತ್ತು ವರ್ಷದ ಸರದಿಯಲ್ಲಿ, ಬೆಳೆದಷ್ಟನ್ನೇ ಕಡಿಯುತ್ತಾರೆ. ಹಬ್ಬದ ದಿನ ಸತೇಗೆ ಹೆಸರಾದ ಕಾಜಾಂಗ್‌ನಿಂದ ಕಡ್ಡಿಯ ಲೆಕ್ಕದಲ್ಲಿ ಕೋಳಿ ಸತೇ ತರಿಸಿ, ಪಕ್ಕದಲ್ಲಿ ಮನೆಯ ಪುಳಿಯೋಗರೆ ಇಟ್ಟರೆ ಮಾನ ಉಳಿಯುತ್ತದೆ.

ಶೂನ್ಯವಾದಿಗೆ ಉತ್ತರ: ಅತ್ತೆಯವರು ಊರಿಗೆ ಹೊರಟ ಮೇಲೆ ಕೊಡಲಾಗುವುದು.

ಸಪ್ತಮ ಪ್ರಕರಣ: ಪ್ರಾಯಶ್ಚಿತ್ತ

ಈ ಶಾಸ್ತ್ರ ಕೈಸೇರುವ ಮೊದಲೇ ದೊಡ್ಡದನ್ನು ಕೊಂಡುಬಿಟ್ಟವರಿಗೆ ಮೂರು ಮಾರ್ಗಗಳಿವೆ. ಅಧಮ ಮಾರ್ಗದಲ್ಲಿ ಅದರ ಮೇಲೆ ಹೊದಿಕೆ ಹಾಕಿ ಬಟ್ಟೆ ಒಣಗಿಸುವುದು. ಮಧ್ಯಮ ಮಾರ್ಗದಲ್ಲಿ ಪಕ್ಕದ ಎರಡು ಮನೆಗಳನ್ನೂ ಸೇರಿಸಿಕೊಂಡು ಕಟ್ಟೆ ಬುಕ್ ಮಾಡಿ, ಸಂಸಾರವನ್ನೇ ಗ್ರಿಲ್ಲಿನ ಗಾತ್ರಕ್ಕೆ ಬೆಳೆಸುವುದು. ಉತ್ತಮ ಮಾರ್ಗದಲ್ಲಿ ಮಾರಿಬಿಡುವುದು. ಕೊಳ್ಳಲು ಬಂದವನು ಮುಚ್ಚಳವನ್ನು ಎತ್ತಿ ಇಳಿಸಿ ಶಬ್ದ ಕೇಳಿ, ‘ನಮ್ಮದು ಮೂರೇ ಜನ, ಆದರೂ ದೊಡ್ಡದಿರಲಿ’ ಎಂದರೆ ವಿಚಲಿತರಾಗಬಾರದು. ದುಡ್ಡು ಎಣಿಸಿಕೊಂಡು, ಗ್ರಿಲ್ಲನ್ನು ಅವನ ಗಾಡಿಗೆ ಏರಿಸಿ, ಗಾಡಿ ಗೇಟು ದಾಟಿದ ಮೇಲೆ ಈ ಗ್ರಂಥದ ಒಂದು ಪ್ರತಿಯನ್ನು ಅವನಿಗೆ ಉಚಿತವಾಗಿ ಕಳಿಸಿಕೊಡತಕ್ಕದ್ದು.