ಡೈರಿ ಮಾವ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾವ ಊರಿಗೆ ಹೋದರೂ ಒಬ್ಬರಾದರೂ ಡೈರಿ ಮಾವ ಸಿಗುತ್ತಾರೆ. ಅಡಿಕೆ ಮಂಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿಯನ್ನು ಮುಂದಿನಿಂದ ತೆರೆದರೆ ಬೋರ್ಡೋ ಸಿಂಪಡಣೆಯ ಖರ್ಚು, ಆಳಿನ ಸಂಬಳ. ಹಿಂದಿನಿಂದ ತೆರೆದರೆ ಅಭ್ಯರ್ಥಿಗಳು.

ನಾಮಪತ್ರದ ಗಡುವು ಮುಗಿಯುತ್ತಿದ್ದಂತೆ ಮಾವ ಮೊಬೈಲ್ ಹಿಡಿದು ಗುಡ್ಡ ಹತ್ತುತ್ತಾರೆ. ಸಿಗ್ನಲ್ ಸಿಗುವುದು ಅಲ್ಲೇ. ಚುನಾವಣಾ ಆಯೋಗದ ಜಾಲತಾಣದಲ್ಲಿ ನಮೂನೆ 26ರ ಪ್ರಮಾಣಪತ್ರ ತೆರೆದುಕೊಳ್ಳುವಷ್ಟರಲ್ಲಿ ಒಂದು ಕವಳ ಮುಗಿದಿರುತ್ತದೆ. ಆಸ್ತಿ, ಸಾಲ, ಕೇಸು, ಓದು, ಐದು ವರ್ಷದ ಆದಾಯ ಎಲ್ಲವೂ ಗೆರೆ ಹೊಡೆದ ಪುಟಕ್ಕೆ ಇಳಿಯುತ್ತವೆ.

"ಸ್ಕ್ರೀನ್‌ಶಾಟ್ ತೆಗೀರಿ ಅಜ್ಜ."

"ನೀನು ತೆಗೆದದ್ದನ್ನ ಯಾವತ್ತಾದ್ರೂ ತಿರುಗಿ ನೋಡಿದ್ದೀಯನಾ?"

ವಾಟ್ಸಾಪ್ ವಿಡಿಯೋಗೂ ಡೈರಿಯಲ್ಲಿ ಜಾಗವುಂಟು. ಯಾರು ಕಳಿಸಿದ್ದು, ಯಾವ ದಿನದ್ದು, ಮೂಲ ಎಲ್ಲಿಯದು ಎಂದು ಮೂರು ಅಂಕಣ. ಮೂರನೆಯದು ತುಂಬಿದ್ದನ್ನು ಯಾರೂ ಕಂಡಿಲ್ಲ. ಬರೆಯಲು ಕೂತರೆ ಸಾಕು, ಅರ್ಧ ಸುದ್ದಿ ಅಲ್ಲೇ ಉದುರುತ್ತದೆ.

ಪಕ್ಷದ ಹುಡುಗರಿಗೆ ಈ ಮನೆ ಎಂದರೆ ಭಯ. ಹಳದಿ ಎಲೆ ರೋಗಕ್ಕೆ ಪರಿಹಾರ ಎಂದು ಬಾಯಿ ತೆರೆದರೆ ಮಾವ ಕನ್ನಡಕ ಏರಿಸಿ ಹಳೇ ಡೈರಿ ತರುತ್ತಾರೆ. "2018ರಲ್ಲೂ ಇದೇ ಹೇಳಿದ್ರಿ. 2013ರ ಪುಟ ತೆಗೀಲಾ?" ಹುಡುಗರು ಕಾಫಿ ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಹಾಗೆಂದು ಮಾವ ನ್ಯಾಯಾಧೀಶರೇನಲ್ಲ. ತಮಗೆ ಬೇಕಾದ ಪಕ್ಷದವನ ಕೇಸುಗಳನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ, ಅದೂ ಪೆನ್ಸಿಲ್ಲಿನಲ್ಲಿ. ಎದುರಿನವನದ್ದಕ್ಕೆ ಕೆಂಪು ಶಾಯಿ. ಆದರೆ ಬರೆಯದೆ ಬಿಡುವುದಿಲ್ಲ ಎನ್ನುವುದು ದೊಡ್ಡ ಗುಣವೇ. ಈ ವಿವರಗಳನ್ನು ಮತದಾರನಿಗೆ ತಿಳಿಸಲೇಬೇಕೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಕೊಪ್ಪದ ಗುಡ್ಡದ ಮೇಲೆ ಕೂತು ಯಾರಾದರೂ ನಕಲು ಮಾಡಿಯಾರೆಂದು ಖಂಡಿತ ಎಣಿಸಿರಲಿಕ್ಕಿಲ್ಲ.

2023ರ ಎಣಿಕೆಯ ದಿನ ಶೃಂಗೇರಿ ಕ್ಷೇತ್ರದಲ್ಲಿ ಟಿ.ಡಿ. ರಾಜೇಗೌಡರು ಡಿ.ಎನ್. ಜೀವರಾಜರ ಎದುರು ಗೆದ್ದರೆಂದು ಘೋಷಿಸಿದ್ದು ಬರೀ 201 ಮತಗಳ ಅಂತರದಲ್ಲಿ. ಆ ಮೇಲೆ ಮಾವನ ಗತ್ತು ಕೇಳಬೇಕೇ! "ಇನ್ನೂರಾ ಒಂದು ಮಾರಾಯ, ನಮ್ಮ ಕೇರಿಯದ್ದೇ ಅಷ್ಟಾಗ್ತದೆ" ಎನ್ನುತ್ತಾ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವರಿವರಿಗೆ ಡೈರಿ ಬಿಡಿಸಿ ತೋರಿಸುತ್ತಾರೆ. ನೀವೂ ಆ ಕಡೆ ಹೋದರೆ ಕೇಳಿ, ಖುಷಿಯಿಂದ ಪುಟ ತಿರುವುತ್ತಾರೆ. ಯಾರಿಗೆ ಓಟು ಹಾಕಿದಿರಿ ಎಂದು ಮಾತ್ರ ಕೇಳಬೇಡಿ. ಅದೊಂದನ್ನು ಅವರು ಎಲ್ಲೂ ಬರೆದಿಟ್ಟಿಲ್ಲ.